ಮಲ್ಲೇಶ್ವರದ ಸಾಲುಮರಗಳು: ಒಂದು ಚಾರಿತ್ರಿಕ ಅವಲೋಕನ



ಈ ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಚರಿತ್ರೆಯ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ತರುಣರು ನನ್ನನ್ನು ಕೇಳಿಕೊಂಡರು. ನಮ್ಮ ದೇವಾಲಯದ ಚರಿತ್ರೆಯನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಇದೇ ಸಂಚಿಕೆಯ ಬೇರೆ ಪುಟಗಳಲ್ಲಿ ಬರೆದಿದ್ದಾರೆ. ಆದ್ದರಿಂದ ನಾನು ದೂರದ ಒಂದು ಬಡಾವಣೆಯ ಕಥೆಯನ್ನು ಆರಿಸಿಕೊಂಡಿದ್ದೇನೆ. ದೂರದ್ದೆಂದರೂ ನಮಗೆ ಸಂಬಂಧವಿಲ್ಲದ್ದಲ್ಲ. ದಂಡೋತಿ, ಚಿತ್ತಾಪುರ, ಸೇಡಂ, ವಾಡಿ, ಶಹಾಬಾದಗಳಲ್ಲಿ ಮನೆ ಭೇಟಿಗೆ ಹೋದಾಗಲೆಲ್ಲ ನಾನು ಕೇಳುವ ಮಾತು ಒಂದೇ: ‘ಮಗ ಬೆಂಗಳೂರಾಗ ಇದ್ದಾನ್ರಿ ಫಾದರ.’ ನಮ್ಮ ಮಕ್ಕಳು ದುಡಿಯಲು ಹೋಗುವ ಆ ನಗರದಲ್ಲಿ, ಪೇಟೆಗೆ ಕೂಗಳತೆಯಲ್ಲಿದ್ದೂ ತೋಪಿನಂತೆ ತಂಪಾಗಿರುವ ಕೆಲವು ಹಳೆಯ ಬಡಾವಣೆಗಳಿವೆ. ಅವು ಹೇಗೆ ಹುಟ್ಟಿದವು, ಅವುಗಳ ನೆರಳು ಯಾರ ಪಾಲಿಗೆ ಬಂದಿತು, ಯಾರ ಪಾಲಿಗೆ ಬರಲಿಲ್ಲ ಎಂಬುದನ್ನು ತಿಳಿಯುವುದು ನಮಗೂ ಉಪಯುಕ್ತವೆಂದು ನಂಬಿದ್ದೇನೆ.

ಮೊದಲ ನೋಟ

1979ರ ಮಳೆಗಾಲದ ಆರಂಭದಲ್ಲಿ, ತಗಡಿನ ಪೆಟ್ಟಿಗೆಯೊಂದನ್ನು ಹೊತ್ತು, ಗುರುವಾಗಬೇಕೆಂಬ ಹಂಬಲದಿಂದ ನಾನು ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿದೆ. ಗುಂತಕಲ್ಲಿನಲ್ಲಿಳಿದು, ಸಣ್ಣ ಹಳಿಯ ಗಾಡಿಗೆ ಬದಲಾಯಿಸಿಕೊಂಡು, ಬೆಂಗಳೂರು ತಲುಪಿದಾಗ ಇನ್ನೂ ಪೂರ್ತಿ ಬೆಳಗಾಗಿರಲಿಲ್ಲ. ನಿಲ್ದಾಣದಿಂದ ಸ್ವಲ್ಪವೇ ದೂರದಲ್ಲಿದ್ದ ಮಲ್ಲೇಶ್ವರದ ಸಂತ ಪೇತ್ರರ ಗುರುವಿದ್ಯಾಮಂದಿರಕ್ಕೆ ನಾನು ಹೋಗಬೇಕಾಗಿತ್ತು. ಪಾಂಡಿಚೇರಿಯಲ್ಲಿ ಫ್ರೆಂಚ್ ಮಿಷನರಿಗಳು ಪ್ರಾರಂಭಿಸಿದ್ದ ಆ ಗುರುಮಠವು 1934ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿತ್ತು.

ಕಾಗಿಣಾ ನದಿಯ ದಂಡೆಯ ಕರಿಮಣ್ಣಿನ ಬಯಲಿನಲ್ಲಿ ಬೆಳೆದ ನನಗೆ ನೆರಳೆಂದರೆ ಕಟ್ಟೆಯ ಮೇಲಿನ ಒಂದು ಬೇವಿನ ಮರ, ಇಲ್ಲವೆ ಫರಸಿ ಕಲ್ಲು ಹೊದಿಸಿದ ಮನೆಯ ಪಡಸಾಲೆ. ಬೇಸಿಗೆಯಲ್ಲಿ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ನಮ್ಮ ಕಡೆ ಬೀದಿಯಲ್ಲಿ ನಾಯಿಯೂ ತಿರುಗಾಡುವುದಿಲ್ಲ. ಇಲ್ಲಿಯಾದರೋ ನೇರವಾದ ರಸ್ತೆಗಳು, ಎರಡೂ ಬದಿಯಲ್ಲಿ ಸಾಲುಮರಗಳು, ಕೆಂಪು ಹೆಂಚಿನ ಮನೆಗಳು, ಪ್ರತಿ ಮನೆಯ ಮುಂದೆ ಹೂವಿನ ಗಿಡ, ಹಿಂದೆ ಒಂದು ತೆಂಗು, ಒಂದು ಮಾವು. ಒಂದು ರಸ್ತೆಗೆ ಸಂಪಿಗೆಯ ಹೆಸರು, ಇನ್ನೊಂದಕ್ಕೆ ಬೇವಿನ ಇಂಗ್ಲಿಷ್ ಹೆಸರಾದ ಮಾರ್ಗೋಸ. ರಸ್ತೆಗಳಿಗೆ ದೊರೆಗಳ ಹೆಸರಿಡದೆ ಮರಗಳ ಹೆಸರಿಟ್ಟ ಊರನ್ನು ನಾನು ಅದೇ ಮೊದಲು ಕಂಡದ್ದು.

ಆ ವರ್ಷ ನಮಗೆ ಚರಿತ್ರೆಯನ್ನು ಬೋಧಿಸುತ್ತಿದ್ದ ವೃದ್ಧ ಗುರುಗಳೊಬ್ಬರು ಸಂಜೆಯ ವಾಯುವಿಹಾರದಲ್ಲಿ ನನ್ನ ಬೆರಗನ್ನು ಗಮನಿಸಿ ಕೇಳಿದರು: ‘ಈ ಬಡಾವಣೆಯನ್ನು ಕಟ್ಟಿಸಿದವರು ಯಾರು ಬಲ್ಲೆಯಾ?’ ಮಹಾರಾಜರೆಂದೆ. ಅವರು ನಕ್ಕರು. ‘ಅರ್ಧ ಸರಿ. ಇನ್ನರ್ಧ ಕಟ್ಟಿಸಿದವು ಇಲಿಗಳು’ ಎಂದರು.

ಆ ಮಾತಿನ ಅರ್ಥವನ್ನು ಅರಿಯಲು ನನಗೆ ಬಹಳ ಕಾಲ ಹಿಡಿಯಿತು.

1898ರ ಪಿಡುಗು

1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಬೆಂಗಳೂರು ಪೇಟೆಯು ಚಿಕ್ಕಪೇಟೆ, ದೊಡ್ಡಪೇಟೆ, ಬಳೇಪೇಟೆಗಳೆಂದು ಕಸುಬಿಗೊಂದು ಕೇರಿಯಾಗಿ ಬೆಳೆದಿತ್ತು. 1809ರಲ್ಲಿ ಬ್ರಿಟಿಷರು ಅದರ ಪೂರ್ವಕ್ಕೆ ತಮ್ಮ ದಂಡನ್ನು ನೆಲೆಗೊಳಿಸಿದರು. ಹೀಗೆ ಒಂದೇ ಹೆಸರಿನ ಎರಡು ಊರುಗಳಾದವು. 1862ರಲ್ಲಿ ಎರಡಕ್ಕೂ ಬೇರೆ ಬೇರೆ ಪುರಸಭೆಗಳು ಸ್ಥಾಪನೆಯಾದವು. 1881ರಲ್ಲಿ ಮೈಸೂರು ರಾಜ್ಯವು ಒಡೆಯರಿಗೆ ಮರಳಿ ಬಂದಾಗಲೂ ದಂಡು ಪ್ರದೇಶವು ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲಿಯೇ ಉಳಿಯಿತು. ಎರಡೂ ಊರುಗಳು ಒಂದೇ ನಗರಪಾಲಿಕೆಯಡಿ ಸೇರಿದ್ದು 1949ರಲ್ಲಿ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಪೇಟೆಯಲ್ಲಿ ಉಸಿರಾಡಲು ಎಡೆಯಿರಲಿಲ್ಲ. ಕಿಟಕಿಯಿಲ್ಲದ ಮಣ್ಣಿನ ಮನೆಗಳು, ಅಂಗಡಿಯ ಹಿಂದೆ ಅಡಿಗೆ, ಅಡಿಗೆಯ ಹಿಂದೆ ಧಾನ್ಯದ ಉಗ್ರಾಣ. ದಂಡಿನಲ್ಲಿಯೂ ಸೈನಿಕರ ಬಂಗಲೆಗಳು ವಿಶಾಲವಾಗಿದ್ದವೇ ಹೊರತು, ಅವರ ಚಾಕರಿಗೆ ಬಂದ ಬಡಜನರು ಬ್ಲಾಕ್‌ಪಲ್ಲಿಯಲ್ಲಿ, ಎಂದರೆ ಇಂದಿನ ಶಿವಾಜಿನಗರದಲ್ಲಿ, ಒಬ್ಬರ ಮೇಲೊಬ್ಬರು ಬಿದ್ದಂತೆ ವಾಸಿಸುತ್ತಿದ್ದರು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ರೈಲು ಹಳಿಗಳನ್ನು ಹಿಡಿದು ಒಳನಾಡಿಗೆ ಸಾಗಿತು. ಹುಬ್ಬಳ್ಳಿ ಧಾರವಾಡಗಳ ಕಡೆಯಿಂದ 1898ರ ಆಗಸ್ಟ್ ತಿಂಗಳಲ್ಲಿ ಅದು ಬೆಂಗಳೂರನ್ನು ಮುಟ್ಟಿತು. ಸಾವಿರಾರು ಜನ ಸತ್ತರು. ಬದುಕಿದವರು ಮನೆಗೆ ಬೀಗ ಹಾಕಿ ಊರ ಹೊರಗೆ ಗುಡಿಸಲು ಕಟ್ಟಿಕೊಂಡರು. ನಮ್ಮ ಕಡೆಯ ವೃದ್ಧರಿಗೆ ಇದು ಹೊಸ ಸಂಗತಿಯಲ್ಲ. ನನ್ನ ಅಜ್ಜಿ ಹೇಳುತ್ತಿದ್ದಳು: ‘ಮನ್ಯಾಗ ಇಲಿ ಬಿದ್ದಾವಂದ್ರ ಮುಗೀತು, ಒಲಿ ಆರಿಸಿ ಹೊಲಕ್ಕ ಹೋಗೋದs.’ ಮುಂಬಯಿಯಿಂದ ಮದರಾಸಿಗೆ ಹೋಗುವ ಹಳಿ 1871ರಲ್ಲಿ ಪೂರ್ತಿಯಾಗಿ, 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡತೊಡಗಿದ ಮೇಲೆ, ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಜಗತ್ತಿನ ಎಲ್ಲವೂ ನಮ್ಮ ಸೀಮೆಯ ಮೂಲಕವೇ ಹಾದುಹೋಗುತ್ತಿತ್ತು.

ಮೈಸೂರು ಸರ್ಕಾರವು ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರರನ್ನಾಗಿ ನೇಮಿಸಿತು. ಮುಂದೆ 1906ರಿಂದ 1909ರವರೆಗೆ ಇವರೇ ರಾಜ್ಯದ ದಿವಾನರಾದರು. ರೋಗಿಗಳನ್ನು ಪ್ರತ್ಯೇಕಿಸುವುದು, ಮನೆಗಳನ್ನು ತೆರವು ಮಾಡಿಸುವುದು, ರೈಲು ಪ್ರಯಾಣಿಕರನ್ನು ಪರೀಕ್ಷಿಸುವುದು ಮುಂತಾದ ಕಠಿಣ ಕ್ರಮಗಳನ್ನು ಕೈಗೊಳ್ಳಲಾಯಿತು. 1897ರಲ್ಲಿ ಹಾಫ್ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಸಿದ್ಧಪಡಿಸಿದ್ದ ಲಸಿಕೆ ಇದ್ದಿತಾದರೂ ಸೂಜಿಗೆ ಹೆದರಿದವರೇ ಹೆಚ್ಚು. ಪೇಟೆಯ ಅಂಚಿನಲ್ಲಿ 1900ರ ಡಿಸೆಂಬರ್ 8ರಂದು ವಿಕ್ಟೋರಿಯಾ ಆಸ್ಪತ್ರೆಯು ಪ್ರಾರಂಭವಾಯಿತು.

ಜನರು ತಮ್ಮ ತಮ್ಮ ನಂಬಿಕೆಯಂತೆ ದೇವರ ಮೊರೆ ಹೊಕ್ಕರು. ಹಿಂದೂ ಬಾಂಧವರು ಪ್ಲೇಗಿನಮ್ಮನಿಗೆ ಗುಡಿ ಕಟ್ಟಿದರು. ಕಥೋಲಿಕರು 1882ರಲ್ಲಿ ಪ್ರತಿಷ್ಠಾಪಿತವಾಗಿದ್ದ ಬ್ಲಾಕ್‌ಪಲ್ಲಿಯ ಸಂತ ಮರಿಯಮ್ಮನವರ ದೇವಾಲಯಕ್ಕೆ ಹರಕೆ ಹೊತ್ತರು. ಆ ಪಿಡುಗಿನ ಕಾಲದಿಂದಲೇ ಅಲ್ಲಿಯ ಮಾತೆಯನ್ನು ಆರೋಗ್ಯಮಾತೆಯೆಂದು ಕರೆಯತೊಡಗಿದರೆಂಬ ನಂಬಿಕೆ ಭಕ್ತಾದಿಗಳಲ್ಲಿ ಇಂದಿಗೂ ಉಂಟು.

ಬಡಾವಣೆಗಳ ಉದಯ

ಮಲ್ಲೇಶ್ವರ ಮತ್ತು ಬಸವನಗುಡಿಗಳು ಪ್ಲೇಗಿನಿಂದಲೇ ಹುಟ್ಟಿದವೆಂದು ಸಾಮಾನ್ಯವಾಗಿ ಹೇಳುವುದುಂಟು. ಇದು ಪೂರ್ತಿ ನಿಜವಲ್ಲ. ಪೇಟೆಯ ಇಕ್ಕಟ್ಟನ್ನು ಕಡಿಮೆ ಮಾಡಲು ಹೊಸ ಬಡಾವಣೆಗಳು ಬೇಕೆಂದು ಪ್ಲೇಗಿಗೆ ಮೊದಲೇ ಯೋಚನೆ ನಡೆದಿತ್ತು. 1892ರ ವೇಳೆಗೆ ಚಾಮರಾಜಪೇಟೆಯು ರೂಪುಗೊಂಡಿತ್ತು. ಆಗ ದಿವಾನರಾಗಿದ್ದವರು ಶೇಷಾದ್ರಿ ಅಯ್ಯರ್. ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ತಂದ ಯೋಜನೆಯೂ ಅದೇ ದಶಕದ್ದು. ಆದರೆ ನಕ್ಷೆ ಬರೆದ ಮಾತ್ರಕ್ಕೆ ಊರಾಗುವುದಿಲ್ಲ. ತಲೆತಲಾಂತರದ ಮನೆಯನ್ನು ಬಿಟ್ಟು ಕಾಡಿನಂತಿದ್ದ ಬಯಲಿಗೆ ಹೋಗಲು ಯಾರಿಗೆ ಮನಸ್ಸು ಬಂದೀತು? ಆ ಮನಸ್ಸನ್ನು ತಂದುಕೊಟ್ಟದ್ದು ಪ್ಲೇಗು. ನಮ್ಮ ಗುರುಗಳ ‘ಇನ್ನರ್ಧ’ದ ಅರ್ಥವಿದು.

ಎರಡು ಬಡಾವಣೆಗಳೂ ಹಳೆಯ ದೇವಾಲಯಗಳ ಸುತ್ತ ಎದ್ದವು. ಒಂದು ಕಾಡುಮಲ್ಲೇಶ್ವರ; ಶಿವಾಜಿಯ ಮಲಸಹೋದರ ವೆಂಕೋಜಿಯ 1669ರ ಶಾಸನ ಅಲ್ಲಿದೆ. ಇನ್ನೊಂದು ಕಡಲೆಕಾಯಿ ಪರಿಷೆಗೆ ಹೆಸರಾದ ದೊಡ್ಡಬಸವಣ್ಣನ ಗುಡಿ. ರಸ್ತೆಗಳನ್ನು ಚೌಕಾಬಾರದ ಮನೆಗಳಂತೆ ನೇರವಾಗಿ ಎಳೆದರು. ಉದ್ದದವು ‘ಮೇನ್’, ಅಡ್ಡದವು ‘ಕ್ರಾಸ್’ ಆದವು. ಮನೆ ಮನೆಗಳ ನಡುವೆ ತೆರಪು, ಮುಂದೆ ಅಂಗಳ, ಹಿಂದೆ ಹಿತ್ತಿಲು ಇದ್ದವು.

ದಂಡಿನ ಕಡೆಯೂ ಇದೇ ಪಾಠವನ್ನು ಕಲಿತರು. ರೆಸಿಡೆಂಟರಾಗಿದ್ದ ಸ್ಟುವರ್ಟ್ ಫ್ರೇಸರರ ಹೆಸರಿನಲ್ಲಿ 1906ರಲ್ಲಿ ಫ್ರೇಸರ್ ಟೌನ್ ಪ್ರಾರಂಭವಾಯಿತು. ಅಲ್ಲಿಯ ಇಂಜಿನಿಯರ್ ಜೆ. ಎಚ್. ಸ್ಟೀಫನ್ಸ್ ಎಂಬವರು ‘ಪ್ಲೇಗು ಹೊಗದ ಊರು’ ಕಟ್ಟಬೇಕೆಂದು ಪಣತೊಟ್ಟು, ಇಲಿ ಬಿಲ ತೋಡಲಾಗದ ಗಟ್ಟಿ ನೆಲಗಟ್ಟು, ಗಾಳಿ ಬೆಳಕು ಆಡುವ ಕಿಟಕಿಗಳು ಇವನ್ನು ಕಡ್ಡಾಯ ಮಾಡಿಸಿದರು. ಅದಕ್ಕೆ ಹೊಂದಿಕೊಂಡಿರುವ ಕ್ಲೀವ್‌ಲೆಂಡ್ ಟೌನಿನಲ್ಲಿಯೇ ನಮ್ಮ ಸಂತ ಫ್ರಾನ್ಸಿಸ್ ಕ್ಸೇವಿಯರರ ಪ್ರಧಾನಾಲಯವು ಗ್ರಾನೈಟ್ ಕಲ್ಲಿನಲ್ಲಿ ಎದ್ದು ನಿಂತಿದೆ.

ಇಲ್ಲೊಂದು ಸ್ವಾರಸ್ಯವುಂಟು. 1898ರಲ್ಲಿ ಬಹುಮಂದಿ ವಿದ್ಯಾವಂತರು ಪ್ಲೇಗು ಕೆಟ್ಟ ಗಾಳಿಯಿಂದ, ಕೊಳೆಯಿಂದ ಹುಟ್ಟುತ್ತದೆಂದು ನಂಬಿದ್ದರು. ರೋಗವನ್ನು ಇಲಿಯ ಮೈಮೇಲಿನ ಚಿಗಟವು ಹರಡುತ್ತದೆಂಬುದನ್ನು ಸಿಮೋಂ ಎಂಬ ಫ್ರೆಂಚ್ ವೈದ್ಯರು ಅದೇ ವರ್ಷ ಕರಾಚಿಯಲ್ಲಿ ಕಂಡುಹಿಡಿದರಾದರೂ ಜಗತ್ತು ಅದನ್ನು ಒಪ್ಪಲು ಅನೇಕ ವರ್ಷ ಬೇಕಾಯಿತು. ಹೀಗೆ ಅರ್ಧ ತಪ್ಪು ತಿಳುವಳಿಕೆಯಿಂದ ರಸ್ತೆಗಳನ್ನು ಅಗಲ ಮಾಡಿದರು, ಗಾಳಿಗೆ ದಾರಿ ಬಿಟ್ಟರು, ಮರ ನೆಟ್ಟರು. ಫಲ ಮಾತ್ರ ಒಳ್ಳೆಯದೇ ಆಯಿತು.

ಮರಗಳ ಕಥೆ

ಹೈದರಾಲಿಯು 1760ರಲ್ಲಿ ಲಾಲ್‌ಬಾಗಿಗೆ ಅಡಿಪಾಯ ಹಾಕಿದ ನಗರಕ್ಕೆ ಮರ ಹೊಸದಲ್ಲ. ಆದರೆ ಬೀದಿ ಬೀದಿಗೂ ಹೂಮರಗಳು ಬಂದದ್ದು ಮುಖ್ಯವಾಗಿ ಜರ್ಮನ್ ದೇಶದ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಅವರಿಂದ. ಬರೋಡಾ ಸಂಸ್ಥಾನದಲ್ಲಿದ್ದ ಅವರು 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತರು. ಒಂದು ಜಾತಿಯ ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷದ ಯಾವ ತಿಂಗಳೂ ನಗರ ಹೂವಿಲ್ಲದೆ ಇರಬಾರದು ಎಂಬುದು ಅವರ ಕ್ರಮ. ಅವರು ಇದೇ ನಾಡಿನ ಮಣ್ಣಿನಲ್ಲಿ, 1956ರಲ್ಲಿ, ಬೆಂಗಳೂರಿನಲ್ಲಿಯೇ ತೀರಿಕೊಂಡರು.

ಎಂಬತ್ತರ ದಶಕದಲ್ಲಿ, ನಾನು ದೈವಶಾಸ್ತ್ರ ಓದುತ್ತಿದ್ದಾಗ, ಎಸ್. ಜಿ. ನೇಗಿನಹಾಳರೆಂಬ ಅರಣ್ಯಾಧಿಕಾರಿಗಳು ನಗರದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಿಸಿದರು. ಮನೆಯವರೇ ಸಸಿಗೆ ನೀರೆರೆಯುವಂತೆ ಒಲಿಸಿಕೊಂಡದ್ದು ಅವರ ಹಿರಿಮೆ. ಬಿದಿರ ಬೇಲಿಯೊಳಗಿನ ಸಸಿಗೆ ಶಾಲೆಯ ಹುಡುಗಿಯೊಬ್ಬಳು ದಿನಾ ತಂಬಿಗೆಯಲ್ಲಿ ನೀರು ಹಾಕುತ್ತಿದ್ದುದನ್ನು ನಾನು ಗುರುಮಠದ ಗೇಟಿನಿಂದ ನೋಡುತ್ತಿದ್ದೆ. ಕಳೆದ ಸಲ ಹೋದಾಗ ಆ ಮರದ ಬುಡವನ್ನು ಎರಡು ತೋಳುಗಳಿಂದ ತಬ್ಬಲಾಗಲಿಲ್ಲ.

ಆ ಬಡಾವಣೆಯ ಜೀವನದ ಸೊಗಸನ್ನು ನಾನು ಅಲ್ಲಗಳೆಯಲಾರೆ. ನಡೆದು ಹೋಗುವಷ್ಟು ದೂರದಲ್ಲಿ ಮಾರುಕಟ್ಟೆ, ಶಾಲೆ, ವಾಚನಾಲಯ, ದೇವಾಲಯ ಎಲ್ಲವೂ ಇದ್ದವು. 1882ರಲ್ಲಿ ನಿರ್ಮಾಣವಾದ ಸ್ಯಾಂಕಿ ಕೆರೆಯ ದಂಡೆಯಲ್ಲಿ ಸಂಜೆ ಕುಳಿತರೆ ಪೇಟೆಯ ಸದ್ದು ಕೇಳುತ್ತಿರಲಿಲ್ಲ. ನೊಬೆಲ್ ಪಾರಿತೋಷಕ ಪಡೆದ ಸಿ. ವಿ. ರಾಮನ್ನರ ‘ಪಂಚವಟಿ’ ಮನೆಯ ಮುಂದೆ ನಾವು ಸೆಮಿನರಿಯ ಹುಡುಗರು ಹಾದುಹೋಗುವಾಗ ಅರಿವಿಲ್ಲದೆಯೇ ಧ್ವನಿ ತಗ್ಗಿಸುತ್ತಿದ್ದೆವು.

ನೆರಳಿನ ಹಿಂದಿನ ಓಣಿ

ಚರಿತ್ರೆಯನ್ನು ಬರೆಯುವವನು ಅರ್ಧ ಹೇಳಿ ನಿಲ್ಲಿಸಿದರೆ ಅದು ಹೊಗಳುಭಟರ ಕೆಲಸವಾದೀತು. ಈ ಹೊಸ ಬಡಾವಣೆಗಳಲ್ಲಿ ನಿವೇಶನಗಳನ್ನು ಹಂಚುವಾಗ ಜಾತಿಗನುಗುಣವಾಗಿ ಭಾಗಗಳನ್ನು ವಿಂಗಡಿಸಲಾಯಿತು. ಹಳೆಯ ಪೇಟೆಯ ಇಕ್ಕಟ್ಟನ್ನು ಬಿಟ್ಟು ಬಂದವರು ಹಳೆಯ ಪೇಟೆಯ ಗೋಡೆಗಳನ್ನು ಕಣ್ಣಿಗೆ ಕಾಣದಂತೆ ಜೊತೆಗೆ ತಂದರು. ಹಣವಿದ್ದವರು, ಸರ್ಕಾರಿ ಹುದ್ದೆಯಿದ್ದವರು ಮೊದಲು ಬಂದರು. ಅತಿ ಹೆಚ್ಚು ಸತ್ತಿದ್ದ ಬಡಜನರು ಇದ್ದಲ್ಲಿಯೇ ಉಳಿದರು.

ಇನ್ನೊಂದು ಸಂಗತಿ. ಮಲ್ಲೇಶ್ವರದ ಮನೆಗಳ ಸಾಲಿನ ಹಿಂಬದಿಯಲ್ಲಿ ಕಿರಿದಾದ ಓಣಿಗಳಿವೆ. ‘ಕನ್ಸರ್ವೆನ್ಸಿ’ ಎಂದು ಅವುಗಳ ಹೆಸರು. ಒಳಚರಂಡಿ ಬರುವ ಮೊದಲು ಮಲ ಹೊರುವವರು ಬಂದು ಹೋಗಲೆಂದು ನಕ್ಷೆಯಲ್ಲಿಯೇ ಬಿಟ್ಟ ದಾರಿ ಅದು. ಮುಂದಿನ ರಸ್ತೆಗೆ ಸಂಪಿಗೆಯ ಹೆಸರಿತ್ತು; ಹಿಂದಿನ ಓಣಿಗೆ ಹೆಸರೇ ಇರಲಿಲ್ಲ. ಆ ಓಣಿಯಲ್ಲಿ ನಡೆದವರ ಹೆಸರು ಯಾವ ದಾಖಲೆಯಲ್ಲಿಯೂ ಇಲ್ಲ. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದ್ದು 1970ರ ದಶಕದಲ್ಲಿ, ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರ ಪ್ರಯತ್ನದಿಂದ.

ಭಾನುವಾರಗಳಂದು ನಮ್ಮನ್ನು ಧರ್ಮೋಪದೇಶ ಕಲಿಸಲು ಪಕ್ಕದ ಶ್ರೀರಾಂಪುರದ ಕಡೆಗೆ ಕಳುಹಿಸುತ್ತಿದ್ದರು. ರೈಲು ಹಳಿಯನ್ನು ದಾಟಿದೊಡನೆ ಮರಗಳು ಮುಗಿಯುತ್ತಿದ್ದವು. ಗಿರಣಿ ಕಾರ್ಮಿಕರ ಒಂದೇ ಕೋಣೆಯ ಮನೆಗಳು, ಬೀದಿ ನಲ್ಲಿಯ ಮುಂದೆ ಕೊಡಗಳ ಸಾಲು. ಒಂದು ಏಪ್ರಿಲ್ ತಿಂಗಳ ಮಧ್ಯಾಹ್ನ ತಗಡಿನ ಮಾಡಿನ ಕೆಳಗೆ ಹದಿನೈದು ಮಕ್ಕಳಿಗೆ ಜಪಸರ ಕಲಿಸುತ್ತ ಬೆವರಿನಿಂದ ತೊಯ್ದಾಗ, ಕಾಲು ಗಂಟೆಯ ನಡಿಗೆಯಾಚೆ ನನ್ನ ಕೋಣೆಯ ಕಿಟಕಿಗೆ ಮಾವಿನ ನೆರಳಿದೆಯೆಂಬುದು ನೆನಪಾಗಿ ನಾಚಿಕೆಯಾಯಿತು. ಆ ನಾಚಿಕೆಯೇ ನನ್ನನ್ನು ಗುರುವಾಗಿ ಈ ಬಯಲುಸೀಮೆಗೆ ಮರಳಿ ಕರೆತಂದಿತೆಂದರೆ ಉತ್ಪ್ರೇಕ್ಷೆಯಲ್ಲ.

ಮುಂದಿನ ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಗಿರಣಿಗಳು ಮುಚ್ಚಿದವು. ರಾಜಾ ಮಿಲ್ ಇದ್ದ ನೆಲದಲ್ಲಿ 2010ರಲ್ಲಿ ಬೃಹತ್ ಮಾಲ್ ತೆರೆಯಿತು. 2011ರಲ್ಲಿ ಸ್ಯಾಂಕಿ ರಸ್ತೆಯನ್ನು ಅಗಲಗೊಳಿಸಲು ಮರಗಳನ್ನು ಕಡಿಯತೊಡಗಿದಾಗ ಅಲ್ಲಿಯ ನಿವಾಸಿಗಳು ಬೀದಿಗಿಳಿದು ವಿರೋಧಿಸಿದರು. 2014ರಲ್ಲಿ ಸಂಪಿಗೆ ರಸ್ತೆಗೆ ಮೆಟ್ರೋ ರೈಲು ಬಂದಿತು. ಹೆಂಚಿನ ಮನೆಗಳು ಒಂದೊಂದಾಗಿ ಉರುಳಿ, ನಾಲ್ಕು ಅಂತಸ್ತಿನ ಕಟ್ಟಡಗಳು ಎದ್ದವು.

ಅವನ್ನು ಉರುಳಿಸಿದವರು, ಕಟ್ಟಿದವರು ಯಾರು? ನಮ್ಮ ಜಿಲ್ಲೆಯವರೂ ಅವರಲ್ಲಿದ್ದಾರೆ. ತೊಗರಿಗೆ ಬೆಲೆ ಬಾರದ ವರ್ಷ, ಮಳೆ ಕೈಕೊಟ್ಟ ವರ್ಷ, ಗಂಟುಮೂಟೆ ಕಟ್ಟಿಕೊಂಡು ಹೋದವರು. ನಮ್ಮ ಧರ್ಮಕೇಂದ್ರದ ಒಬ್ಬ ತರುಣ ಒಮ್ಮೆ ಪಾಪನಿವೇದನೆ ಮುಗಿಸಿ ಹೊರಬಂದ ಮೇಲೆ ಮೆಟ್ಟಿಲ ಮೇಲೆ ಕುಳಿತು ಹೇಳಿದ: ‘ಫಾದರ, ನೀವು ಹೇಳ್ತೀರಲ್ಲ ಮಲ್ಲೇಶ್ವರ, ಅಲ್ಲೇ ಒಂದು ಹಳೀ ಮನಿ ಕೆಡವಿದೆವು. ಹಿತ್ತಲದಾಗ ದೊಡ್ಡ ಮಾವಿನ ಗಿಡ ಇತ್ತು. ತಿಂಗಳೆಲ್ಲ ಅದರ ಕೆಳಗs ಮಲಗೀವಿ. ಕಡೀ ದಿನ ಅದನ್ನೂ ಕಡದೆವು. ಅವತ್ತ ರಾತ್ರಿ ಎಲ್ಲಿ ಮಲಗಬೇಕಂತ ತಿಳೀಲಿಲ್ಲ.’ ನಾನು ಅವನಿಗೆ ಏನೂ ಉತ್ತರ ಹೇಳಲಾಗಲಿಲ್ಲ.

ನಮಗೇನು ಪಾಠ?

2020ರ ಮಾರ್ಚ್ ತಿಂಗಳಲ್ಲಿ ಭಾರತದ ಮೊದಲ ಕೋವಿಡ್ ಸಾವು ಸಂಭವಿಸಿದ್ದು ನಮ್ಮ ಕಲಬುರಗಿಯಲ್ಲಿ. ಆಗ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿದ್ದವರು ಅಂಗಳದಲ್ಲಿ ಮರದ ಕೆಳಗೆ ಕುಳಿತು ದಿನ ದೂಡಿದರು. ಕಟ್ಟಡಗಳ ಬಳಿ ತಗಡಿನ ಶೆಡ್ಡಿನಲ್ಲಿದ್ದ ನಮ್ಮವರಿಗೆ ದೂರ ದೂರ ಕುಳಿತುಕೊಳ್ಳಲು ಜಾಗವಿರಲಿಲ್ಲ. ಅವರು ಊರಿನ ದಾರಿ ಹಿಡಿದರು. ನೂರಿಪ್ಪತ್ತೆರಡು ವರ್ಷಗಳ ನಂತರವೂ ಪಿಡುಗು ಕೇಳಿದ ಪ್ರಶ್ನೆ ಅದೇ: ಗಾಳಿ, ಬೆಳಕು, ನೆರಳು ಯಾರ ಸೊತ್ತು? 15 ಲಕ್ಷ ಸಸಿಗಳನ್ನು ನೆಡಿಸಿದ ನೇಗಿನಹಾಳರೂ 2021ರಲ್ಲಿ ಅದೇ ಕೋವಿಡಿಗೆ ಬಲಿಯಾದರು.

ಬೆಂಗಳೂರಿನವರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರು ಸಾವಿಗಂಜಿ ಓಡಿಬಂದ ಬಯಲಿನಲ್ಲಿ ಮರ ನೆಟ್ಟರು, ಮೂರು ತಲೆಮಾರು ಅದನ್ನು ಕಾಪಾಡಿದರು. ಅದು ಸಣ್ಣ ಸಾಧನೆಯಲ್ಲ. ನಾವಾದರೋ ಅಮೋಘವರ್ಷ ನೃಪತುಂಗನ ರಾಜಧಾನಿಯಾಗಿದ್ದ ಮಾನ್ಯಖೇಟದ, ಎಂದರೆ ನಮ್ಮ ಮಳಖೇಡದ, ನೆರೆಯವರು. ಒಂಬತ್ತನೆಯ ಶತಮಾನದಲ್ಲಿ ಅರಬ್ ದೇಶದವರೂ ಬಲ್ಲಂಥ ಅರಸರು ಆಳಿದ ಕಾಗಿಣಾ ದಂಡೆಯಲ್ಲಿ ಈಗ ಬಸ್ಸಿಗೆ ಕಾಯುವವನಿಗೆ ನೆರಳಿಲ್ಲ. ಸುಣ್ಣದ ಕಲ್ಲು ತೆಗೆದ ಗಣಿಗುಂಡಿಗಳು ಹಾಗೆಯೇ ಬಾಯ್ದೆರೆದು ಬಿದ್ದಿವೆ.

ಪ್ರಭುಕ್ರಿಸ್ತರು ಸಾಸಿವೆ ಕಾಳಿನ ಸಾಮತಿಯಲ್ಲಿ ಹೇಳಿದ ಮರವು ಹಕ್ಕಿಗಳ ಕುಲಗೋತ್ರ ಕೇಳಲಿಲ್ಲ. ಬಂದ ಹಕ್ಕಿಗಳಿಗೆಲ್ಲ ಅಲ್ಲಿ ಗೂಡಿಗೆ ಎಡೆಯಿತ್ತು. ಈ ಶತಮಾನೋತ್ಸವದ ನೆನಪಿಗೆ ಅಮೃತಶಿಲೆಯ ಫಲಕದ ಜೊತೆಗೆ ನೂರು ಸಸಿಗಳನ್ನೂ ನೆಡೋಣವೆಂದು ಧರ್ಮಕೇಂದ್ರ ಸಮಿತಿಯಲ್ಲಿ ನಾನು ಸೂಚಿಸಿದ್ದೇನೆ. ದೇವಾಲಯದ ಆವರಣದೊಳಗೆ ಮಾತ್ರವಲ್ಲ, ಹೊರಗೋಡೆಯ ಆಚೆಗೆ, ಬಸ್ ನಿಲ್ಲುವಲ್ಲಿ, ಕೂಲಿಕಾರರು ಬುತ್ತಿ ಬಿಚ್ಚುವಲ್ಲಿ ಬೇವು, ಹೊಂಗೆ, ಹುಣಸೆಗಳನ್ನು ನೆಡಬೇಕು. ಬೇಸಿಗೆಯ ಮೂರು ತಿಂಗಳು ಒಂದೊಂದು ಮನೆಯವರು ಒಂದೊಂದು ಸಸಿಗೆ ನೀರೆರೆಯುವ ಹೊಣೆ ಹೊರಬೇಕು. ‘ನೀರಿಗೇ ಬರ ಇದೆ ಫಾದರ’ ಎಂದು ಒಬ್ಬ ತಾಯಿ ಅಂದರು. ಪಾತ್ರೆ ತೊಳೆದ ನೀರು ಸಾಕು ತಾಯಿ, ಬೇವು ಮುನಿಸಿಕೊಳ್ಳುವುದಿಲ್ಲ ಎಂದೆ.

ಆ ನೆರಳಿನಲ್ಲಿ ಕುಳಿತುಕೊಳ್ಳಲು ನಾನು ಇರುವುದಿಲ್ಲ. ಹಾಗೆ ನೋಡಿದರೆ ಈ ದೇವಾಲಯದ ಮೊದಲ ಕಲ್ಲನ್ನು ಇಟ್ಟವರೂ ಇಂದಿನ ಹಬ್ಬದ ಬಲಿಪೂಜೆಯಲ್ಲಿ ನಮ್ಮ ಜೊತೆ ನಿಲ್ಲಲು ಇಲ್ಲ. ದುಡಿಯಲು ಹೋದ ನಮ್ಮ ಮಕ್ಕಳು ಯಾವ ಊರಲ್ಲಿದ್ದರೂ ಅವರ ತಲೆಯ ಮೇಲೆ ನೆರಳಿರಲಿ, ಅವರು ಮರಳಿ ಬಂದ ದಿನ ಇಲ್ಲಿಯೂ ನೆರಳಿರಲಿ ಎಂದು ಪ್ರಭುವಿನಲ್ಲಿ ಪ್ರಾರ್ಥಿಸಿ, ನಿಮ್ಮೆಲ್ಲರಿಗೂ ಶುಭವನ್ನು ಕೋರುತ್ತ, ಈ ಲೇಖನವನ್ನು ಮುಗಿಸುತ್ತೇನೆ.